ಕಾಣದ ಗುರಿಗೆ ಫಿರಂಗಿ ಹೊಡೆಯುವುದು ಹೇಗೆ?

ಪ್ರಶ್ನೆ: ಫಿರಂಗಿಗಳು 30 ಕಿಲೋಮೀಟರ್ ದೂರಕ್ಕೆ ಹೊಡೆಯುತ್ತವೆ ಅಂತ ಓದಿದೆ. ಅಷ್ಟು ದೂರದ್ದು ಕಣ್ಣಿಗೆ ಕಾಣುವುದಿಲ್ಲ, ನಡುವೆ ಗುಡ್ಡ, ಕಾಡು ಬೇರೆ. ಹಾಗಿದ್ದಾಗ ಗುರಿ ಹೇಗೆ ಇಡುತ್ತಾರೆ? ಹಳೆಯ ಕಾಲದ ತೋಪುಗಳೂ ಹೀಗೇ ಕೆಲಸ ಮಾಡುತ್ತಿದ್ದವಾ? ಡ್ರೋನ್, ಕ್ಷಿಪಣಿ ಎಲ್ಲಾ ಬಂದ ಮೇಲೂ ಸೈನ್ಯಗಳು ಫಿರಂಗಿ ದಳವನ್ನು ಯಾಕೆ ಇಟ್ಟುಕೊಂಡಿವೆ?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಫಿರಂಗಿಯ ಪಕ್ಕ ನಿಂತು ಗುಂಡು ಹಾರಿಸುವವರಿಗೆ ಗುರಿ ಕಾಣುವುದೇ ಇಲ್ಲ. ಎಷ್ಟೋ ಸಲ ಗುರಿ ಏನು ಅಂತಲೂ ಅವರಿಗೆ ಗೊತ್ತಿರುವುದಿಲ್ಲ. ಅವರ ಕೈಗೆ ಬರುವುದು ಕೆಲವು ಅಂಕಿಗಳು ಮಾತ್ರ. ನೋಡುವವನು ಒಬ್ಬ, ಲೆಕ್ಕ ಹಾಕುವವನು ಇನ್ನೊಬ್ಬ, ಹೊಡೆಯುವವನು ಮತ್ತೊಬ್ಬ. ಈ ಮೂವರೂ ಬೇರೆ ಬೇರೆ ಜಾಗದಲ್ಲಿರುತ್ತಾರೆ. ಫಿರಂಗಿ ದಳ ಅಂದರೆ ಈ ಮೂವರ ನಡುವಿನ ಮಾತುಕತೆ ಅಂತ ನಾನು ಹೊಸಬರಿಗೆ ಹೇಳುತ್ತಿದ್ದೆ. ಕಬ್ಬಿಣದ ಆ ದೊಡ್ಡ ಯಂತ್ರ ಬರುವುದು ಕೊನೆಯಲ್ಲಿ.

ಹಿಂದೆ ಹೀಗಿರಲಿಲ್ಲ. ನಿಮ್ಮ ಎರಡನೇ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಮುತ್ತಿಗೆಗೆ ಓರ್ಬಾನ್ ಎಂಬ ಹಂಗೇರಿಯವನು ಒಟೊಮನ್ ಸುಲ್ತಾನನಿಗೆ ಒಂದು ಭಾರಿ ತೋಪು ಎರಕ ಹೊಯ್ದು ಕೊಟ್ಟ. ಅದನ್ನು ಎಳೆದು ತರಲು ಹತ್ತಾರು ಎತ್ತುಗಳು ಬೇಕಾದವು. ಒಮ್ಮೆ ಹೊಡೆದರೆ ಕೊಳವೆ ಕಾದು, ಅದು ತಣ್ಣಗಾಗುವ ತನಕ ಕಾಯಬೇಕಿತ್ತು. ದಿನಕ್ಕೆ ಏಳೆಂಟು ಗುಂಡು ಹೊಡೆದರೆ ಅದೇ ಹೆಚ್ಚು. ಆದರೂ ಗುರಿ ಇಡುವುದು ಕಷ್ಟವಾಗಿರಲಿಲ್ಲ. ಎದುರಿಗೆ ಕೋಟೆಯ ಗೋಡೆ ನಿಂತಿತ್ತು, ಅದು ಎಲ್ಲಿಗೂ ಓಡುವುದಿಲ್ಲ.

ಮುಂದೆ ತೋಪುಗಳು ಹಗುರಾದವು, ಚಕ್ರ ಬಂತು, ಕುದುರೆಗಳು ಎಳೆಯತೊಡಗಿದವು. ಫ್ರಾನ್ಸಿನ ಗ್ರಿಬೊವಾಲ್ 1765ರ ಸುಮಾರಿಗೆ ತೋಪುಗಳ ಅಳತೆ, ಗಾಡಿ, ಬಿಡಿಭಾಗ ಎಲ್ಲವನ್ನೂ ಒಂದು ನಮೂನೆಗೆ ತಂದ. ಅದರಲ್ಲೇ ಪಳಗಿದ ಫಿರಂಗಿ ಅಧಿಕಾರಿ ನೆಪೋಲಿಯನ್. ಆದರೆ ಅವನ ಕಾಲದಲ್ಲೂ ಬಯಲಿನ ಯುದ್ಧದಲ್ಲಿ ಗನ್ನರ್, ಅಂದರೆ ತೋಪು ಹೊಡೆಯುವ ಸೈನಿಕ, ತಾನೇ ಕಣ್ಣಾರೆ ನೋಡಿ ಹೊಡೆಯುತ್ತಿದ್ದ. ದೂರ ಹೆಚ್ಚೆಂದರೆ ಒಂದು ಕಿಲೋಮೀಟರ್ ಆಸುಪಾಸು. ಗೋಡೆಯ ಆಚೆಗೆ ಎತ್ತರಿಸಿ ಹೊಡೆಯುವ ಮಾರ್ಟರ್‌ಗಳು ಕೋಟೆ ಮುತ್ತಿಗೆಯಲ್ಲಿ ಇದ್ದವು ನಿಜ. ಬಯಲಿನಲ್ಲಿ ಮಾತ್ರ ಕಂಡದ್ದಕ್ಕೇ ಏಟು.

ಎರಡು ತೊಂದರೆ ಇತ್ತು. ಒಂದು, ಕರಿಮದ್ದಿನ ಹೊಗೆ. ಒಂದು ಸುತ್ತು ಹೊಡೆದರೆ ತೋಪು ಎಲ್ಲಿದೆ ಅಂತ ಊರಿಗೆಲ್ಲಾ ತಿಳಿಯುತ್ತಿತ್ತು. ಅಡಗಿ ಕೂರುವ ಮಾತೇ ಇಲ್ಲ. ಇನ್ನೊಂದು, ಹೊಡೆದ ಏಟಿಗೆ ಇಡೀ ತೋಪು ಗಾಡಿಯ ಸಮೇತ ಹಿಂದಕ್ಕೆ ಜಿಗಿಯುತ್ತಿತ್ತು. ಅದನ್ನು ತಳ್ಳಿಕೊಂಡು ಬಂದು ಮತ್ತೆ ಮೊದಲಿನಿಂದ ಗುರಿ ಇಡಬೇಕು. ಪ್ರತಿ ಸಲವೂ ಹೀಗೆ.

ಮೊದಲನೆಯದನ್ನು ಫ್ರಾನ್ಸಿನ ಪಾಲ್ ವಿಯೆಯ್ 1884ರಲ್ಲಿ ಮಾಡಿದ ಹೊಗೆರಹಿತ ಮದ್ದು ಬಗೆಹರಿಸಿತು. ಎರಡನೆಯದಕ್ಕೆ ಉತ್ತರ ಫ್ರೆಂಚರ 75 ಎಂಎಂ ಫಿರಂಗಿ, 1897ರದ್ದು. ಇದರಲ್ಲಿ ಹಿಂದಕ್ಕೆ ಹೋಗುವುದು ನಳಿಕೆ ಮಾತ್ರ. ನಳಿಕೆಯ ಕೆಳಗೆ ಎಣ್ಣೆ ಮತ್ತು ಒತ್ತಿದ ಗಾಳಿ ತುಂಬಿದ ಕೊಳವೆ ಇರುತ್ತದೆ. ಏಟಿನ ರಭಸವನ್ನು ಎಣ್ಣೆ ನುಂಗಿಕೊಳ್ಳುತ್ತದೆ, ಗಾಳಿ ನಳಿಕೆಯನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಚಕ್ರ ನಿಂತಲ್ಲೇ ನಿಂತಿರುತ್ತದೆ, ಇಟ್ಟ ಗುರಿ ಕದಲುವುದಿಲ್ಲ. ನಿಮಿಷಕ್ಕೆ 15 ಗುಂಡು ಹೊಡೆಯಲು ಸಾಧ್ಯವಾಯಿತು. ಈಗಿನ ಪ್ರತಿ ಹೊವಿಟ್ಜರ್‌ನಲ್ಲೂ (ಗುಂಡನ್ನು ಎತ್ತರಕ್ಕೆ ಹಾರಿಸಿ ಇಳಿಸಬಲ್ಲ ಫಿರಂಗಿ) ಇರುವುದು ಇದೇ ಉಪಾಯದ ಮಕ್ಕಳು ಮೊಮ್ಮಕ್ಕಳು. ಫಿರಂಗಿಯ ಇತಿಹಾಸದಲ್ಲಿ ಒಂದೇ ಒಂದು ಯಂತ್ರವನ್ನು ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಯಂತ್ರ ಬದಲಾದರೂ ಅಭ್ಯಾಸ ಬೇಗ ಬದಲಾಗಲಿಲ್ಲ. 1899ರ ಡಿಸೆಂಬರ್ 15ರಂದು ದಕ್ಷಿಣ ಆಫ್ರಿಕಾದ ಕೊಲೆನ್ಸೊದಲ್ಲಿ ಬ್ರಿಟಿಷರ ಕರ್ನಲ್ ಲಾಂಗ್ 12 ಫಿರಂಗಿಗಳನ್ನು ಹಳೆಯ ಪದ್ಧತಿಯಂತೆ ಬಟ್ಟ ಬಯಲಿಗೆ ತಂದು ನಿಲ್ಲಿಸಿದ. ನದಿಯಾಚೆ ಬೋಯರ್ ಸೈನಿಕರು (ಅಲ್ಲಿ ನೆಲೆಸಿದ್ದ ಡಚ್ ಮೂಲದವರು) ಕಂದಕದಲ್ಲಿ ರೈಫಲ್ ಹಿಡಿದು ಕೂತಿದ್ದರು. ಗನ್ನರ್‌ಗಳು ಒಬ್ಬೊಬ್ಬರಾಗಿ ಬಿದ್ದರು. ಹತ್ತು ಫಿರಂಗಿಗಳು ಎದುರಾಳಿಯ ಪಾಲಾದವು. ನನಗೆ ಕಂಡದ್ದು ಅವನಿಗೂ ಕಾಣುತ್ತದೆ ಅನ್ನುವ ಪಾಠ ಅಲ್ಲಿ ತುಂಬಾ ದುಬಾರಿಯಾಯಿತು. 1904-05ರ ರಷ್ಯಾ-ಜಪಾನ್ ಯುದ್ಧದ ಹೊತ್ತಿಗೆ ಫಿರಂಗಿಗಳು ಗುಡ್ಡದ ಹಿಂದಕ್ಕೆ ಸರಿದಿದ್ದವು.

ಸರಿ, ಗುಡ್ಡದ ಹಿಂದಿನಿಂದ ಗುರಿ ಹೇಗೆ? ಹೀಗೆ ಊಹಿಸಿಕೊಳ್ಳಿ. ನಿಮ್ಮ ಮುಂದೆ ಎತ್ತರದ ಗೋಡೆ. ಅದರಾಚೆ ಒಂದು ಬಾವಿ, ಅದಕ್ಕೆ ನೀವು ಕಲ್ಲು ಹಾಕಬೇಕು. ಬಾವಿ ಕಾಣುವುದಿಲ್ಲ. ಆದರೆ ನಿಮ್ಮ ಬಲಗಡೆ ಒಂದು ಒಂಟಿ ಮರ ಚೆನ್ನಾಗಿ ಕಾಣುತ್ತದೆ. ಗೋಡೆಯ ಮೇಲೆ ಕೂತ ಗೆಳೆಯನಿಗೆ ಎರಡೂ ಕಾಣುತ್ತವೆ. ಆ ಮರದಿಂದ ಎಡಕ್ಕೆ ಇಷ್ಟು ತಿರುಗು, ಇಷ್ಟು ಜೋರಾಗಿ ಎಸೆ ಅಂತ ಅವನು ಹೇಳುತ್ತಾನೆ. ಆಮೇಲೆ ನಿಮಗೆ ಬಾವಿಯ ಗೊಡವೆಯೇ ಬೇಡ, ಮರ ಕಂಡರೆ ಸಾಕು, ಅಲ್ವಾ?

ಫಿರಂಗಿಯೂ ಹೀಗೇ. ಅದರ ಸೈಟಿನಲ್ಲಿ, ಅಂದರೆ ಗುರಿ ಇಡುವ ದುರ್ಬೀನಿನಂಥ ಉಪಕರಣದಲ್ಲಿ, ಕಣ್ಣಿಡುವವನು ನೋಡುವುದು ಎದುರಾಳಿಯನ್ನಲ್ಲ. ತಾನೇ ನೆಲಕ್ಕೆ ನೆಟ್ಟ ಎರಡು ಕೋಲುಗಳನ್ನು, ಇಲ್ಲವೇ ಅದಕ್ಕೆಂದೇ ಇಟ್ಟ ಒಂದು ಚಿಕ್ಕ ಉಪಕರಣವನ್ನು. ಅವು ಪಕ್ಕದಲ್ಲೋ ಹಿಂದುಗಡೆಯೋ ಇರಬಹುದು. ಅಲ್ಲಿಂದ ಎಷ್ಟು ಕೋನ ಅನ್ನುವ ಅಂಕಿ ರೇಡಿಯೋದಲ್ಲಿ ಬರುತ್ತದೆ. ಅದನ್ನು ಸೈಟಿಗೆ ಕೊಟ್ಟು, ಕೋಲು ಮತ್ತೆ ಗೆರೆಗೆ ಬರುವ ತನಕ ನಳಿಕೆಯನ್ನು ತಿರುಗಿಸುತ್ತಾನೆ. ಎತ್ತರಕ್ಕೆ ಇನ್ನೊಂದು ಅಂಕಿ. ಮುಗಿಯಿತು.

ಈ ಕೋನವನ್ನು ಡಿಗ್ರಿಯಲ್ಲಿ ಅಳೆಯುವುದಿಲ್ಲ, ಮಿಲ್‌ನಲ್ಲಿ ಅಳೆಯುತ್ತಾರೆ. ನೇಟೋ ಸೈನ್ಯಗಳಲ್ಲಿ ಒಂದು ಸುತ್ತಿಗೆ 6,400 ಮಿಲ್, ಸೋವಿಯತ್ ಪದ್ಧತಿಯಲ್ಲಿ 6,000. ಯಾಕೆ ಈ ವಿಚಿತ್ರ ಅಳತೆ? ಒಂದು ಮಿಲ್ ಅಂದರೆ ಒಂದು ಕಿಲೋಮೀಟರ್ ದೂರದಲ್ಲಿ ಹೆಚ್ಚೂಕಡಿಮೆ ಒಂದು ಮೀಟರ್. ಲೆಕ್ಕ ಬಾಯಲ್ಲೇ ಆಗುತ್ತದೆ. ನಾನು ವೀಕ್ಷಕನ ಕೆಲಸ ಕಲಿಯುವಾಗ ಮೊದಲ ದಿನ ದುರ್ಬೀನು ಕೊಡಲೇ ಇಲ್ಲ. ಕೈ ಚಾಚಿ ಒಂದು ಬೆರಳು ಎತ್ತಿ ಹಿಡಿಯಿರಿ ಅಂದರು. ಚಾಚಿದ ಕೈಯ ಒಂದು ಬೆರಳಿನ ಅಗಲ ಸುಮಾರು 30 ಮಿಲ್. ಎರಡು ಕಿಲೋಮೀಟರ್ ದೂರದ ಮರಕ್ಕೂ ಗುಂಡು ಬಿದ್ದ ಜಾಗಕ್ಕೂ ನಡುವೆ ಒಂದು ಬೆರಳಿನ ಅಂತರ ಕಂಡರೆ ಅಲ್ಲಿ 60 ಮೀಟರ್ ವ್ಯತ್ಯಾಸ ಇದೆ ಅಂತ ಅರ್ಥ. ಇವತ್ತಿಗೂ ರಸ್ತೆಯಲ್ಲಿ ದೂರದ ಕಂಬ ಕಂಡರೆ ನನ್ನ ಬೆರಳು ತಾನಾಗಿಯೇ ಮೇಲೇಳುತ್ತದೆ.

ಅದೇ ಮಿಲ್ ದೂರ ಹೆಚ್ಚಿದಂತೆ ಹೆದರಿಸುತ್ತದೆ. 20 ಕಿಲೋಮೀಟರ್‌ಗೆ ಹೊಡೆಯುವಾಗ ಒಂದೇ ಒಂದು ಮಿಲ್ ತಪ್ಪಿದರೆ ಗುಂಡು 20 ಮೀಟರ್ ಆಚೆ ಬೀಳುತ್ತದೆ.

ವೀಕ್ಷಕ ಗುರಿ ಕಾಣುವ ಜಾಗದಲ್ಲಿ ಅಡಗಿ ಕೂತಿರುತ್ತಾನೆ. ಗುರಿಯ ನೆಲೆ ಹೇಳುತ್ತಾನೆ. ಮೊದಲ ಗುಂಡು ಬರುತ್ತದೆ, ಗುರಿಗಿಂತ ಈಚೆ ಬಿತ್ತು ಅಂದುಕೊಳ್ಳಿ. 'ಆಡ್ 400' ಅನ್ನುತ್ತಾನೆ, 400 ಮೀಟರ್ ಮುಂದಕ್ಕೆ. ಮುಂದಿನದು ಗುರಿ ದಾಟಿತು. 'ಡ್ರಾಪ್ 200'. ಹೀಗೆ ಅಂತರವನ್ನು ಅರ್ಧ ಅರ್ಧ ಮಾಡುತ್ತಾ ಬಂದು, ಕೊನೆಗೆ 'ಫೈರ್ ಫಾರ್ ಎಫೆಕ್ಟ್'. ಆಗ ಎಲ್ಲಾ ಫಿರಂಗಿಗಳೂ ಒಟ್ಟಿಗೆ ಹೊಡೆಯುತ್ತವೆ. ಇಲ್ಲೊಂದು ಕಟ್ಟುನಿಟ್ಟಿನ ನಿಯಮ ಇದೆ. ಇಂಗ್ಲಿಷ್‌ನಲ್ಲಿ ಆದೇಶ ಕೊಡುವ ಫಿರಂಗಿ ದಳಗಳ ರೇಡಿಯೋದಲ್ಲಿ, ಮಾತು ಸರಿಯಾಗಿ ಕೇಳಿಸದಿದ್ದರೆ 'ರಿಪೀಟ್' ಅನ್ನುವಂತಿಲ್ಲ, 'ಸೇ ಅಗೇನ್' ಅನ್ನಬೇಕು. 'ರಿಪೀಟ್' ಅಂದರೆ ಹೊಡೆದದ್ದನ್ನೇ ಇನ್ನೊಮ್ಮೆ ಹೊಡೆಯಿರಿ ಅಂತ ಆದೇಶ.

ಇನ್ನು ಲೆಕ್ಕ ಹಾಕುವವನ ಕೆಲಸ. ನನಗೆ ಅತಿ ಹೆಚ್ಚು ಪ್ರೀತಿ ಇರುವುದು ಇದರ ಮೇಲೆ. ಗುಂಡು ಇಪ್ಪತ್ತು ಮೂವತ್ತು ಕಿಲೋಮೀಟರ್ ಹೋಗಲು ಒಂದು ನಿಮಿಷದಷ್ಟು ಹೊತ್ತು ಗಾಳಿಯಲ್ಲಿರುತ್ತದೆ, ಹಲವು ಕಿಲೋಮೀಟರ್ ಎತ್ತರ ಏರಿ ಇಳಿಯುತ್ತದೆ. ಕೆಳಗೆ ಗಾಳಿ ಒಂದು ಕಡೆಗೆ ಬೀಸಿದರೆ ಮೇಲೆ ಇನ್ನೊಂದು ಕಡೆಗೆ ಬೀಸುತ್ತಿರುತ್ತದೆ. ಹಾಗಾಗಿ ಫಿರಂಗಿ ದಳದ ಹವಾಮಾನ ತಂಡ ಬಲೂನು ಬಿಟ್ಟು ಪ್ರತಿ ಎತ್ತರದ ಗಾಳಿ, ಉಷ್ಣಾಂಶ, ಒತ್ತಡ ಅಳೆಯುತ್ತದೆ. ಬಿಸಿಲಿಗೆ ಕಾದ ಮದ್ದು ಜಾಸ್ತಿ ವೇಗ ಕೊಡುತ್ತದೆ, ತಣ್ಣನೆಯದು ಕಡಿಮೆ. ನಳಿಕೆ ಸವೆದಂತೆ ವೇಗ ಇಳಿಯುತ್ತದೆ. ಗುಂಡು ತಿರುಗುತ್ತಾ ಹೋಗುವುದರಿಂದ ಮೆಲ್ಲಗೆ ಬಲಕ್ಕೆ ಸರಿಯುತ್ತದೆ. ದೂರ ಜಾಸ್ತಿಯಾದರೆ ಭೂಮಿ ತಿರುಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1918ರಲ್ಲಿ ಜರ್ಮನರು ಸುಮಾರು 120 ಕಿಲೋಮೀಟರ್ ದೂರದಿಂದ ಪ್ಯಾರಿಸ್‌ಗೆ ಹೊಡೆದ ಫಿರಂಗಿಯಲ್ಲಿ ನಳಿಕೆ ಎಷ್ಟು ಬೇಗ ಸವೆಯುತ್ತಿತ್ತು ಅಂದರೆ ಗುಂಡುಗಳಿಗೆ ಕ್ರಮಸಂಖ್ಯೆ ಹಾಕಿದ್ದರು. ಹಿಂದಿನದಕ್ಕಿಂತ ಮುಂದಿನದು ಕೂದಲೆಳೆಯಷ್ಟು ದಪ್ಪ. ಕ್ರಮ ತಪ್ಪಿಸಿ ಹಾಕುವಂತಿರಲಿಲ್ಲ.

ಇದನ್ನೆಲ್ಲಾ ಯುದ್ಧದ ನಡುವೆ ಕೂತು ಮೊದಲಿನಿಂದ ಲೆಕ್ಕ ಮಾಡಲು ಆಗುವುದಿಲ್ಲ. ಅದಕ್ಕೆ ಮೊದಲೇ ತಯಾರಿಸಿದ ಕೋಷ್ಟಕ ಪುಸ್ತಕಗಳು ಬೇಕು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕೂತು ಈ ಕೋಷ್ಟಕಗಳ ಲೆಕ್ಕ ಮಾಡಿದವರು ಹೆಚ್ಚಾಗಿ ಹೆಣ್ಣುಮಕ್ಕಳು. ಒಂದೇ ಒಂದು ಗುಂಡಿನ ದಾರಿ ಲೆಕ್ಕ ಹಾಕಲು ಒಬ್ಬರಿಗೆ ಎರಡು ಮೂರು ದಿನ ಬೇಕಿತ್ತು. ಈ ಕೆಲಸ ಬೇಗ ಆಗಲಿ ಅಂತಲೇ ಎನಿಯಾಕ್ ಎಂಬ ಎಲೆಕ್ಟ್ರಾನಿಕ್ ಕಂಪ್ಯೂಟರ್ ಕಟ್ಟಿದರು. 1946ರಲ್ಲಿ ಅದನ್ನು ಜಗತ್ತಿಗೆ ತೋರಿಸಿದಾಗ ಅದೇ ಲೆಕ್ಕವನ್ನು ಸುಮಾರು ಅರ್ಧ ನಿಮಿಷದಲ್ಲಿ ಮುಗಿಸಿತು. ಅದರ ಮೊದಲ ಪ್ರೋಗ್ರಾಮರ್‌ಗಳಾದ ಆರು ಮಂದಿ ಮಹಿಳೆಯರು ಬಂದದ್ದು ಆ ಲೆಕ್ಕದ ಕೋಣೆಯಿಂದಲೇ.

ಈ ಲೆಕ್ಕದ ಬೆಲೆ ಗೊತ್ತಾದದ್ದು ಮೊದಲ ಮಹಾಯುದ್ಧದಲ್ಲಿ. 1916ರಲ್ಲಿ ಫ್ರಾನ್ಸಿನ ಸೋಮ್ ನದಿಯ ಬಳಿ ಬ್ರಿಟಿಷರು ದಾಳಿಗೆ ಮುಂಚೆ ಒಂದು ವಾರ ಹೊಡೆದರು, ಸುಮಾರು 15 ಲಕ್ಷ ಗುಂಡು. ಆದರೂ ಜುಲೈ 1ರಂದು ಕಾಲಾಳುಗಳು ಮೇಲೆದ್ದು ನಡೆದಾಗ ಬಹಳ ಕಡೆ ಮುಳ್ಳುತಂತಿ ಹಾಗೆಯೇ ಇತ್ತು, ಆಳದ ನೆಲಮಾಳಿಗೆಗಳಲ್ಲಿದ್ದ ಜರ್ಮನರು ಬದುಕಿದ್ದರು. ಎಷ್ಟೋ ಗುಂಡು ಸಿಡಿಯಲೇ ಇಲ್ಲ. ಆ ಒಂದೇ ದಿನ ಬ್ರಿಟಿಷರಲ್ಲಿ 57,000ಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಸುಮ್ನೆ ಜಾಸ್ತಿ ಹೊಡೆದರೆ ಕೆಲಸ ಆಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ನೋವಿನ ಸಾಕ್ಷಿ ಬೇಡ.

ಅದೇ ಹೊತ್ತಿಗೆ ಇನ್ನೊಂದು ಕಡೆ ಬೇರೆಯೇ ಕೆಲಸ ನಡೆದಿತ್ತು. 1915ರಲ್ಲಿ ನೊಬೆಲ್ ಪಡೆದ ಯುವ ವಿಜ್ಞಾನಿ ಲಾರೆನ್ಸ್ ಬ್ರ್ಯಾಗ್‌ಗೆ ಬ್ರಿಟಿಷ್ ಸೈನ್ಯ ಒಂದು ಕೆಲಸ ಒಪ್ಪಿಸಿತ್ತು. ಸದ್ದು ಕೇಳಿ ಎದುರಾಳಿಯ ಫಿರಂಗಿ ಎಲ್ಲಿದೆ ಅಂತ ಹುಡುಕಬೇಕು. ಸಾಲಾಗಿ ಮೈಕ್ರೋಫೋನ್ ಇಟ್ಟರೆ ಒಂದೊಂದಕ್ಕೂ ಸದ್ದು ಒಂದೊಂದು ಹೊತ್ತಿಗೆ ಮುಟ್ಟುತ್ತದೆ. ಆ ವ್ಯತ್ಯಾಸದಿಂದ ಜಾಗ ಸಿಗುತ್ತದೆ. ಆದರೆ ಆಗಿನ ಮೈಕ್ರೋಫೋನ್‌ಗಳು ಗುಂಡು ಹಾರಿಹೋಗುವ ಚಟೀರೆನ್ನುವ ಸದ್ದನ್ನು ಹಿಡಿಯುತ್ತಿದ್ದವು, ಫಿರಂಗಿಯ ಧಡಂ ಅನ್ನುವ ತಗ್ಗಿದ ಸದ್ದನ್ನು ಬಿಡುತ್ತಿದ್ದವು. ಅವರ ತಂಡದಲ್ಲಿದ್ದ ಟಕರ್ ಒಂದು ಗುಡಿಸಲಿನಲ್ಲಿ ಮಲಗುತ್ತಿದ್ದರು. ಗೋಡೆಯಲ್ಲಿ ಸಣ್ಣ ತೂತು. ದೂರದಲ್ಲಿ ಫಿರಂಗಿ ಹೊಡೆದಾಗಲೆಲ್ಲಾ ಆ ತೂತಿನಿಂದ ಮುಖಕ್ಕೆ ತಣ್ಣನೆ ಗಾಳಿ ಬಡಿಯುತ್ತಿತ್ತು. ಅದರಿಂದ ಹೊಳೆಯಿತು ಉಪಾಯ. ಒಂದು ಪೆಟ್ಟಿಗೆಗೆ ತೂತು ಮಾಡಿ, ಅಲ್ಲಿ ಕಾಯಿಸಿದ ತೆಳುತಂತಿ ಇಡುವುದು. ಧಡಂ ಅಂದಾಗ ಗಾಳಿ ನುಗ್ಗಿ ತಂತಿ ತಣ್ಣಗಾಗುತ್ತದೆ, ವಿದ್ಯುತ್ ಬದಲಾಗುತ್ತದೆ, ಹೊತ್ತು ದಾಖಲಾಗುತ್ತದೆ.

1917ರ ನವೆಂಬರ್ 20ರಂದು ಫ್ರಾನ್ಸಿನ ಕ್ಯಾಂಬ್ರೆಯಲ್ಲಿ ಸುಮಾರು ಒಂದು ಸಾವಿರ ಬ್ರಿಟಿಷ್ ಫಿರಂಗಿಗಳು ಮುನ್ಸೂಚನೆಯೇ ಇಲ್ಲದೆ ಒಮ್ಮೆಲೇ ಗುಡುಗಿದವು. ಮೊದಲೇ ಒಂದೆರಡು ಗುಂಡು ಹೊಡೆದು ಸರಿಪಡಿಸಿಕೊಂಡಿರಲಿಲ್ಲ. ನಕ್ಷೆ, ಹವಾಮಾನ, ನಳಿಕೆಯ ಅಳತೆ, ಸದ್ದಿನಿಂದ ಹುಡುಕಿದ ಜಾಗ, ಎಲ್ಲವನ್ನೂ ಕೂಡಿಸಿ ಬರೀ ಲೆಕ್ಕದ ಮೇಲೆ ಹೊಡೆದದ್ದು. ಕ್ಯಾಂಬ್ರೆ ಅಂದರೆ ಎಲ್ಲರೂ ಟ್ಯಾಂಕ್ ನೆನೆಯುತ್ತಾರೆ. ನನ್ನ ಮಟ್ಟಿಗೆ ಅಲ್ಲಿಯ ದೊಡ್ಡ ಸಂಗತಿ ಈ ಲೆಕ್ಕ.

ಈಗ ಹೊಡೆಯುವವರ ಹತ್ತಿರ ಬರೋಣ. ಇವತ್ತು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು 155 ಎಂಎಂ ಹೊವಿಟ್ಜರ್. 155 ಅಂದರೆ ನಳಿಕೆಯ ಒಳ ಅಗಲ. ಗುಂಡಿನ ತೂಕ 43 ಕಿಲೋ ಆಸುಪಾಸು, ಅದರಲ್ಲಿ ಸ್ಫೋಟಕ ಏಳರಿಂದ ಹನ್ನೊಂದು ಕಿಲೋದಷ್ಟು ಮಾತ್ರ. ಉಳಿದದ್ದು ಉಕ್ಕು, ಅದು ಚೂರಾಗಿ ಹಾರುವುದಕ್ಕೇ ಇರುವುದು. ಗುಂಡಿನ ಬುಡದ ಹತ್ತಿರ ತಾಮ್ರದಂಥ ಮೆತ್ತನೆ ಲೋಹದ ಒಂದು ಪಟ್ಟಿ ಇರುತ್ತದೆ. ಗುಂಡನ್ನು ಒಳಕ್ಕೆ ದೂಡಿದಾಗ ಈ ಪಟ್ಟಿ ನಳಿಕೆಯ ಸುರುಳಿ ಗೀರುಗಳಿಗೆ ಗಟ್ಟಿಯಾಗಿ ಕಚ್ಚಿಕೊಳ್ಳಬೇಕು. ಚೆನ್ನಾಗಿ ದೂಡಿದಾಗ ಒಂದು ಖಣ್ ಸದ್ದು ಬರುತ್ತದೆ, ಹಳಬರು ಆ ಸದ್ದಿನಲ್ಲೇ ಹೇಳಿಬಿಡುತ್ತಾರೆ. ಆಮೇಲೆ ಮದ್ದಿನ ಚೀಲಗಳು. ಹತ್ತಿರಕ್ಕಾದರೆ ಕಡಿಮೆ ಚೀಲ, ದೂರಕ್ಕಾದರೆ ಹೆಚ್ಚು. ಹೊವಿಟ್ಜರ್‌ನ ಗುಟ್ಟೇ ಇದು. ಮದ್ದು ಕಮ್ಮಿ ಮಾಡಿ ನಳಿಕೆ ಎತ್ತಿದರೆ ಗುಡ್ಡದ ಹಿಂದಿನ ಕಣಿವೆಗೂ ಗುಂಡು ಇಳಿಯುತ್ತದೆ. ಸೆಕೆಂಡಿಗೆ 800 ಮೀಟರ್‌ಗೂ ಹೆಚ್ಚು ವೇಗದಲ್ಲಿ ಹೊರಬೀಳುವ ಗುಂಡು ಸೆಕೆಂಡಿಗೆ 250ಕ್ಕೂ ಜಾಸ್ತಿ ಸುತ್ತು ತಿರುಗುತ್ತಿರುತ್ತದೆ.

ಸುದ್ದಿಯಲ್ಲಿ '155/39', '155/52' ಅಂತ ನೋಡಿರಬಹುದು. ಎರಡನೇ ಅಂಕಿ ನಳಿಕೆಯ ಉದ್ದ, ಅಗಲದ ಎಷ್ಟು ಪಟ್ಟು ಅಂತ. 39 ಅಂದರೆ ಸುಮಾರು ಆರು ಮೀಟರ್, 52 ಅಂದರೆ ಎಂಟು ಮೀಟರ್. ಉದ್ದ ಜಾಸ್ತಿ ಇದ್ದಷ್ಟೂ ದೂರ ಜಾಸ್ತಿ. 52ರದ್ದು ವಿಶೇಷ ಗುಂಡಿನಲ್ಲಿ 40 ಕಿಲೋಮೀಟರ್ ಮುಟ್ಟುತ್ತದೆ.

ದಳದ ರಚನೆ ದೇಶದಿಂದ ದೇಶಕ್ಕೆ ಬೇರೆ. ಸಾಮಾನ್ಯವಾಗಿ ನಾಲ್ಕರಿಂದ ಎಂಟು ಫಿರಂಗಿ ಸೇರಿ ಒಂದು ಬ್ಯಾಟರಿ, ಮೂರು ಬ್ಯಾಟರಿ ಸೇರಿ ಒಂದು ರೆಜಿಮೆಂಟ್. ಕೆಲವು ದೇಶಗಳಲ್ಲಿ ಅದನ್ನೇ ಬೆಟಾಲಿಯನ್ ಅನ್ನುತ್ತಾರೆ. ಆರು ಫಿರಂಗಿಯ ಒಂದು ಬ್ಯಾಟರಿ ನಿಮಿಷಕ್ಕೆ ನಾಲ್ಕರಂತೆ ಹೊಡೆದರೆ 24 ಗುಂಡು. ಒಂದು ನಿಮಿಷಕ್ಕೆ ಒಂದು ಟನ್‌ಗಿಂತ ಹೆಚ್ಚು ತೂಕದ ಗುಂಡು ಖಾಲಿ. ಅಷ್ಟನ್ನು ಯಾರೋ ಲಾರಿಯಲ್ಲಿ ತಂದು, ಇಳಿಸಿ, ಹೊತ್ತು ಕೊಡಬೇಕು. ಗನ್ನರ್‌ಗಳ ಬೆನ್ನುನೋವು ಎಲ್ಲಿಂದ ಬರುತ್ತದೆ ಅಂತ ಕೇಳಬೇಡಿ.

ಗುಂಡಿನ ತುದಿಯ ಫ್ಯೂಸ್, ಅಂದರೆ ಗುಂಡನ್ನು ಸಿಡಿಸುವ ಸಾಧನ, ಅದರ ಬಗ್ಗೆಯೂ ಎರಡು ಮಾತು. ನೆಲಕ್ಕೆ ತಾಗಿ ಸಿಡಿದರೆ ಚೂರುಗಳಲ್ಲಿ ಬಹಳಷ್ಟು ಮಣ್ಣಿಗೇ ಹೋಗುತ್ತವೆ. ನೆಲದಿಂದ ಕೆಲವು ಮೀಟರ್ ಮೇಲೆ ಸಿಡಿದರೆ ಕಂದಕದಲ್ಲಿದ್ದವರಿಗೂ ರಕ್ಷಣೆ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರು ಒಂದು ಪುಟಾಣಿ ರೇಡಿಯೋವನ್ನೇ ಫ್ಯೂಸಿನೊಳಗೆ ಕೂರಿಸಿದರು. ನೆಲ ಹತ್ತಿರ ಬಂದಾಗ ಅದು ತಾನೇ ತಿಳಿದು ಸಿಡಿಸುತ್ತದೆ. ಎದುರಾಳಿಯ ಕೈಗೆ ಸಿಕ್ಕೀತು ಅನ್ನುವ ಭಯದಿಂದ 1944ರ ಡಿಸೆಂಬರ್ ತನಕ ನೆಲದ ಯುದ್ಧದಲ್ಲಿ ಬಳಸಲು ಬಿಟ್ಟಿರಲಿಲ್ಲ. ಫಿರಂಗಿಯ ಏಟು ತಡೆದುಕೊಳ್ಳುವಂತೆ ಆ ರೇಡಿಯೋದ ಗಾಜಿನ ವಾಲ್ವ್ ಮಾಡಿದವರ ಕೈಚಳಕ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ರಾಕೆಟ್ಟೂ ಫಿರಂಗಿ ದಳದ್ದೇ. ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್‌ಗಳಲ್ಲಿ ಮದ್ದು ತುಂಬಿದ್ದು ಕಬ್ಬಿಣದ ಕೊಳವೆಗೆ. ಅದಕ್ಕೇ ದೂರ ಹೋಗುತ್ತಿದ್ದವು. ಏಟು ತಿಂದ ಬ್ರಿಟಿಷರು ಅವನ್ನು ನೋಡಿಯೇ ಕಾಂಗ್ರೀವ್ ರಾಕೆಟ್ ಮಾಡಿದರು. 1941ರ ಜುಲೈ 14ರಂದು ಓರ್ಷಾ ಬಳಿ ಸೋವಿಯತ್ ಕತ್ಯೂಷಾ ಮೊದಲ ಸಲ ಹಾರಿತು. ಒಂದು ಲಾರಿಯ ಮೇಲೆ 132 ಎಂಎಂನ 16 ರಾಕೆಟ್. ಒಂದೊಂದರ ಗುರಿ ಅಷ್ಟಕ್ಕಷ್ಟೇ, ಆದರೆ ಎಲ್ಲವೂ ಕೆಲವೇ ಸೆಕೆಂಡಿನಲ್ಲಿ ಬೀಳುತ್ತಿದ್ದವು. ಈಗಿನ ಅಮೆರಿಕದ ಹೈಮಾರ್ಸ್ ಲಾರಿಯ ಆರು ರಾಕೆಟ್‌ಗಳು ಉಪಗ್ರಹದ ಸಹಾಯದಿಂದ 70 ಕಿಲೋಮೀಟರ್ ದಾಟಿ ಹೋಗಿ ಹೇಳಿದ ಜಾಗದಲ್ಲೇ ಇಳಿಯುತ್ತವೆ.

ನಿಮ್ಮ ಕೊನೆಯ ಪ್ರಶ್ನೆ, ಈಗಲೂ ಫಿರಂಗಿ ಯಾಕೆ? ಡ್ರೋನ್ ಬಂದು ಫಿರಂಗಿಯ ಕೆಲಸ ತಪ್ಪಲಿಲ್ಲ, ವೀಕ್ಷಕನ ಕೆಲಸ ಬದಲಾಯಿತು. ಮೊದಲು ಜೀವ ಕೈಯಲ್ಲಿ ಹಿಡಿದು ಗುಡ್ಡದ ತುದಿಯಲ್ಲಿ ಕೂರಬೇಕಿತ್ತು. ಈಗ ಡ್ರೋನಿನ ಕ್ಯಾಮೆರಾ ಅವನ ಕಣ್ಣು. ಗುಂಡು ಎಷ್ಟು ಆಚೆ ಬಿತ್ತು ಅಂತ ಮೇಲಿನಿಂದ ನೋಡಿ ಹೇಳುತ್ತದೆ. ಸಣ್ಣ ಡ್ರೋನ್ ಹೊರುವುದು ಕೆಲವು ಕಿಲೋ, ಫಿರಂಗಿಯ ಗುಂಡು 43 ಕಿಲೋ. ಜೋರು ಗಾಳಿ, ಮಂಜು, ಮಳೆಗೆ ಸಣ್ಣ ಡ್ರೋನ್ ಕಂಗಾಲಾಗುತ್ತದೆ. ಅದರ ರೇಡಿಯೋವನ್ನು ಕೆಡಿಸಬಹುದು. ಉಪಗ್ರಹ ನಂಬಿದ ಗುಂಡುಗಳನ್ನೂ ದಾರಿ ತಪ್ಪಿಸಬಹುದು. ಸಾದಾ ಗುಂಡಿಗೆ ರೇಡಿಯೋನೂ ಇಲ್ಲ, ಉಪಗ್ರಹವೂ ಬೇಡ. ಹೊರಟ ಮೇಲೆ ಅದನ್ನು ಹೊರಳಿಸುವುದು ಬಹಳ ಕಷ್ಟ. ಕ್ಷಿಪಣಿ ದೂರ ಹೋಗುತ್ತದೆ ನಿಜ, ಆದರೆ ದಿನವಿಡೀ ನಿಮಿಷಕ್ಕೊಂದರಂತೆ ಹಾರಿಸುವಷ್ಟು ಕ್ಷಿಪಣಿ ಯಾವ ಸೈನ್ಯದ ಹತ್ತಿರವೂ ಇರುವುದಿಲ್ಲ.

ಬದಲಾದದ್ದು ಫಿರಂಗಿಯ ಬದುಕು. ಗುಂಡು ಏರುತ್ತಿರುವಾಗಲೇ ಎದುರಾಳಿಯ ರೇಡಾರ್ ಅದರ ದಾರಿ ಹಿಡಿದು, ಅದು ಹೊರಟ ಜಾಗವನ್ನು ಲೆಕ್ಕ ಹಾಕಿಬಿಡುತ್ತದೆ. ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ. ಹಾಗಾಗಿ ಹೊಡೆದು ಓಡಬೇಕು. ಫ್ರೆಂಚರ ಸೀಸರ್, ಸ್ವೀಡನ್ನಿನ ಆರ್ಚರ್‌ನಂಥವು ಚಕ್ರದ ಗಾಡಿಯ ಮೇಲೇ ಕೂತಿವೆ. ಬಂದು ನಿಂತು, ಹೊಡೆದು, ಮೊದಲ ಗುಂಡು ನೆಲ ಮುಟ್ಟಿದ ಸ್ವಲ್ಪ ಹೊತ್ತಿಗೇ ಜಾಗ ಬಿಟ್ಟಿರುತ್ತವೆ. ಜರ್ಮನಿಯ ಪಿಜಡ್‌ಎಚ್ 2000 ಒಂದೇ ನಳಿಕೆಯಿಂದ ಹಲವು ಗುಂಡುಗಳನ್ನು ಬೇರೆ ಬೇರೆ ಎತ್ತರಕ್ಕೆ, ಬೇರೆ ಬೇರೆ ಮದ್ದಿನಲ್ಲಿ ಹೊಡೆದು, ಎಲ್ಲವೂ ಒಂದೇ ಗಳಿಗೆಗೆ ಬೀಳುವಂತೆ ಮಾಡುತ್ತದೆ.

ಈ ಹೊಸ ಗಾಡಿಗಳಲ್ಲಿ ಕೋಲು ನೆಡುವ ಕೆಲಸ ಇಲ್ಲ, ನಳಿಕೆ ಯಾವ ದಿಕ್ಕಿಗಿದೆ ಅಂತ ಯಂತ್ರವೇ ತಿಳಿದುಕೊಳ್ಳುತ್ತದೆ. ಆದರೂ ಎಳೆದೊಯ್ಯುವ ಎಷ್ಟೋ ಫಿರಂಗಿಗಳಲ್ಲಿ ಇವತ್ತಿಗೂ ಹಳೆಯ ಸೈಟ್ ಜೋಡಿಸಿಯೇ ಇಟ್ಟಿರುತ್ತಾರೆ. ವಿದ್ಯುತ್ ಹೋಗಿ ಪರದೆ ಕಪ್ಪಾದರೆ ಗನ್ನರ್ ಎರಡು ಕೋಲು ಹಿಡಿದು ಓಡಿಹೋಗಿ ನೆಡುತ್ತಾನೆ, ವಾಪಸು ಬಂದು ಸೈಟಿಗೆ ಕಣ್ಣಿಡುತ್ತಾನೆ.